ಗೋಡೆಯ ಮೇಲೆ ಮೂರು ಹಂದಿ

ನಮ್ಮ ಮನೆಯ ಬೀರುವಿನಲ್ಲಿ ಪಾಸ್‌ಪೋರ್ಟು, ಮನೆ ಪತ್ರ, ಮಕ್ಕಳ ಬರ್ತ್ ಸರ್ಟಿಫಿಕೇಟು ಇಟ್ಟಿರುವ ಫೈಲಿನಲ್ಲೇ ಇನ್ನೊಂದು ದಪ್ಪ ಕಾಗದವೂ ಇದೆ. ಸುತ್ತ ಚಿನ್ನದ ಬಣ್ಣದ ಅಂಚು, ಕೆಳಗೆ ಉಬ್ಬು ಮುದ್ರೆ, ಅದರ ಪಕ್ಕದಲ್ಲಿ ಯಾರದೋ ರುಜು. ನನ್ನ ಡಿಗ್ರಿ ಸರ್ಟಿಫಿಕೇಟಿಗೂ ಇಷ್ಟು ಠೀವಿಯಿಲ್ಲ. ಅದು ಸಾರುವುದಿಷ್ಟೇ: ಇದರೊಂದಿಗೆ ಬಂದಿರುವ ಮೂರು ಹಂದಿಗಳ ಚಿತ್ರ ಅಸಲಿ, ಇಂಥವು ಒಟ್ಟು 5,000 ಮಾತ್ರ ಇವೆ, ಇದು 2,317ನೆಯದು.

"ಐದು ಸಾವಿರ ಇದ್ರೆ ಅದು ಅಪರೂಪ ಹೇಗಾಗುತ್ತೆ ರೀ?" ಎಂದು ಹೆಂಡತಿ ಕೇಳಿದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ಆದ್ದರಿಂದ ನಾನು ಉತ್ತರ ಕೊಡಲಿಲ್ಲ. ಅಷ್ಟಕ್ಕೇ ಬಿಡುವವಳೇ ಅವಳು? "ನಮ್ಮೂರಲ್ಲಿ ಮನೆಗೊಂದರಂತೆ ಹಂಚಿದ್ರೂ ಇನ್ನೂ ಉಳಿಯುತ್ತೆ" ಎಂದು ಸೇರಿಸಿ ಫೈಲು ಮುಚ್ಚಿದಳು.

ಲಾಸ್ ಏಂಜಲೀಸಿನ ಆಸುಪಾಸಿನಲ್ಲಿರುವ ನಮ್ಮ ಕನ್ನಡದವರಲ್ಲಿ ಸಂಗ್ರಹದ ಹುಚ್ಚು ಹೊಸದೇನಲ್ಲ. ಒಬ್ಬರು ಹಳೆಯ ಗಡಿಯಾರ ಕೂಡಿಸುತ್ತಾರೆ, ಒಬ್ಬರು ವೈನು ಕೂಡಿಸುತ್ತಾರೆ, ಇನ್ನೊಬ್ಬರು ಕನ್ನಡ ಕೂಟಗಳ ಮಾಜಿ ಅಧ್ಯಕ್ಷ ಎಂಬ ಬಿರುದನ್ನೇ ಎರಡು ಮೂರು ಕಡೆಯಿಂದ ಕೂಡಿಸಿಟ್ಟುಕೊಂಡಿದ್ದಾರೆ. ನನಗೆ ಅಂಟಿದ್ದು ಕಾರ್ಟೂನಿನ ಹಾಳೆ. ಮಗಳು ಚಿಕ್ಕವಳಿದ್ದಾಗ ಲೈಬ್ರರಿಯಿಂದ 'ಸಿಲ್ಲಿ ಸಿಂಫನಿ' ಚಿತ್ರಗಳ ಡಿವಿಡಿ ತಂದಿದ್ದೆ. ಅವಳು ಅರ್ಧಕ್ಕೇ ನಿದ್ದೆ ಹೋದಳು. ನಾನು ಮಾತ್ರ ಎದ್ದು ದೀಪ ಆರಿಸಿ ಬಂದು ಮತ್ತೆ ಕೂತೆ.

1929ರಿಂದ 1939ರವರೆಗೆ ವಾಲ್ಟ್ ಡಿಸ್ನಿಯ ಸ್ಟುಡಿಯೋ ತೆಗೆದ 75 ಕಿರುಚಿತ್ರಗಳ ಮಾಲೆ ಅದು. ಹೆಚ್ಚಿನವು ಏಳೆಂಟು ನಿಮಿಷದವು. ನನ್ನ ಮೂರು ಹಂದಿಗಳೂ ಈ ಮಾಲೆಯವೇ. ಮಿಕ್ಕಿ ಮೌಸ್‌ನ ಹಾಗೆ ಎಲ್ಲ ಚಿತ್ರದಲ್ಲೂ ಬಂದು ನಿಲ್ಲುವ ನಾಯಕ ಇವುಗಳಿಗಿಲ್ಲ. ನಾಯಕನ ಪಟ್ಟ ಸಂಗೀತಕ್ಕೇ. ಈ ಮಾಲೆ ಹುಟ್ಟಿದ್ದು ಒಂದು ತಕರಾರಿನಿಂದ. ಕಾನ್ಸಸ್ ಸಿಟಿಯ ಮೂಕಿ ಚಿತ್ರಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದ ಕಾರ್ಲ್ ಸ್ಟಾಲಿಂಗ್ ಡಿಸ್ನಿಯ ಸಂಗೀತಗಾರನಾಗಿ ಬಂದ. ಇಲಿ ಬಿದ್ದ ಕಡೆ ಡೋಲು ಬಡಿಯಬೇಕು ಎಂದು ಡಿಸ್ನಿ, ಡೋಲು ಬಡಿದ ಕಡೆ ಇಲಿ ಬೀಳಲಿ ಎಂದು ಸ್ಟಾಲಿಂಗ್. ಇಬ್ಬರೂ ಬಿಟ್ಟುಕೊಡುವವರಲ್ಲ. ಕೊನೆಗೆ ಆಸ್ತಿ ಪಾಲಾಯಿತು: ಮಿಕ್ಕಿಯ ಚಿತ್ರಗಳಲ್ಲಿ ಸಂಗೀತ ಚಿತ್ರದ ಹಿಂದೆ ನಡೆಯತಕ್ಕದ್ದು, ಈ ಹೊಸ ಮಾಲೆಯಲ್ಲಿ ಚಿತ್ರ ಸಂಗೀತದ ಹಿಂದೆ ನಡೆಯತಕ್ಕದ್ದು.

ಮೊದಲನೆಯದು 'ದಿ ಸ್ಕೆಲಿಟನ್ ಡ್ಯಾನ್ಸ್'. ಮಧ್ಯರಾತ್ರಿಯ ಸ್ಮಶಾನ, ಗೂಬೆ, ಗೋರಿಕಲ್ಲಿನ ಮೇಲೆ ಕಾದಾಡುವ ಎರಡು ಬೆಕ್ಕು, ಆಮೇಲೆ ನಾಲ್ಕು ಅಸ್ಥಿಪಂಜರಗಳ ಕುಣಿತ. ಬಹುಪಾಲನ್ನು ಅಬ್ ಐವರ್ಕ್ಸ್ ಎಂಬ ಮಹಾನುಭಾವ ಒಬ್ಬನೇ ಬರೆದ. ಒಂದು ಅಸ್ಥಿಪಂಜರ ಇನ್ನೊಂದರ ತೊಡೆಮೂಳೆಗಳನ್ನು ಕಿತ್ತು ಅದರ ಬೆನ್ನುಮೂಳೆಯ ಮೇಲೆಯೇ ಕ್ಸೈಲೋಫೋನ್ ನುಡಿಸುತ್ತದೆ. ಮತ್ತೊಂದು ಬೆಕ್ಕಿನ ಬಾಲವನ್ನು ಎಳೆದು ಹಿಡಿದು ತಂತಿವಾದ್ಯ ಮಾಡಿಕೊಳ್ಳುತ್ತದೆ. ಕೋಳಿ ಕೂಗಿದ್ದೇ ತಡ, ನಾಲ್ಕರ ಮೂಳೆಗಳೂ ಒಂದಕ್ಕೊಂದು ಸಿಕ್ಕಿಕೊಂಡು ಒಂದೇ ಪ್ರಾಣಿಯಾಗಿ ಗೋರಿಯೊಳಕ್ಕೆ ಓಡುತ್ತವೆ. ಗಡಿಬಿಡಿಯಲ್ಲಿ ಎರಡು ಪಾದ ಹೊರಗೇ ಉಳಿಯುತ್ತದೆ; ಒಳಗಿಂದ ಒಂದು ಕೈ ಚಾಚಿ ಅದನ್ನೂ ಎಳೆದುಕೊಳ್ಳುತ್ತದೆ. ಇದನ್ನು ನೋಡಿದ ವಿತರಕ, ಇದೆಲ್ಲ ಬೇಡ, ಇಲಿ ಕಳಿಸಿ ಎಂದನಂತೆ. ಲಕ್ಷಣವಾದ ವ್ಯಾಪಾರಸ್ಥ.

ಈ ಚಿತ್ರಗಳಲ್ಲಿ ನನ್ನನ್ನು ಹಿಡಿದು ಹಾಕಿದ್ದು ಲೆಕ್ಕ. ಸಿನಿಮಾ ರೀಲು ಸೆಕೆಂಡಿಗೆ 24 ಫ್ರೇಮಿನ ಹಾಗೆ ಓಡುತ್ತದೆ. ಸಂಗೀತಗಾರ ಹನ್ನೆರಡು ಫ್ರೇಮಿಗೊಂದು ಪೆಟ್ಟು ಎಂದು ಗೊತ್ತುಮಾಡಿದನೆನ್ನಿ, ಸೆಕೆಂಡಿಗೆ ಎರಡು ಪೆಟ್ಟಾಯಿತು. ಚಿತ್ರಗಾರನಿಗೆ ಆಗ ಹಾಡು ಕೇಳಿಸಬೇಕೆಂದೇ ಇಲ್ಲ. ಹನ್ನೆರಡನೆಯ ಚಿತ್ರಕ್ಕೆ ಎಡಗಾಲು ನೆಲಕ್ಕೆ, ಇಪ್ಪತ್ನಾಲ್ಕನೆಯದಕ್ಕೆ ಬಲಗಾಲು. ನಡುವಿನ ಹನ್ನೊಂದರಲ್ಲಿ ಕಾಲು ಗಾಳಿಯಲ್ಲಿ ಎಲ್ಲೆಲ್ಲಿ ಇರಬೇಕು ಅನ್ನುವುದು ಅವನ ಪ್ರತಿಭೆ. ಸಂಗೀತದವರು ತೊಡೆಯ ಮೇಲೆ ಹಾಕುವ ತಾಳವನ್ನು ಈ ಜನ ಹಾಳೆಯ ಮೇಲೆ ಎಣಿಸಿ ಬರೆದರು. ಎಂಟು ನಿಮಿಷದ ಚಿತ್ರಕ್ಕೆ 11,520 ಫ್ರೇಮು. ಒಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಎಳೆದರೂ ಐದು ಸಾವಿರ ದಾಟುತ್ತದೆ. ಐದು ಸಾವಿರ ಎಂಬ ಸಂಖ್ಯೆಗೂ ಈ ಹಂದಿಗಳಿಗೂ ಹಳೆಯ ಋಣಾನುಬಂಧವೇ ಇರಬೇಕು.

ಪೆನ್ಸಿಲಿನಲ್ಲಿ ಬರೆದದ್ದು ಹಾಗೇ ತೆರೆಗೆ ಹೋಗುವಂತಿಲ್ಲ. ಅದನ್ನು ಸೆಲ್ ಎಂಬ ಪಾರದರ್ಶಕ ಹಾಳೆಗೆ ಇಳಿಸಬೇಕು. ಈ ಕೆಲಸಕ್ಕೆ ಇಂಕ್ ಅಂಡ್ ಪೇಂಟ್ ಎಂಬ ಬೇರೆಯದೇ ವಿಭಾಗ, ಅಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳು. ಹಾಳೆಗೆ ಬೆರಳಿನ ಗುರುತು ಬೀಳದಂತೆ ಬಿಳಿ ಹತ್ತಿಯ ಕೈಗವಸು. ನಿಬ್ಬು ಹಿಡಿಯುವ ಬೆರಳುಗಳ ಕಡೆ ಮಾತ್ರ ಅದನ್ನು ಕತ್ತರಿಸಿರುತ್ತಿತ್ತು. ಹಾಳೆಯ ಮುಂಭಾಗದಲ್ಲಿ ಗೆರೆ, ಹಿಂಭಾಗದಲ್ಲಿ ಬಣ್ಣ. ಹಂದಿಯ ಕೆನ್ನೆಯಿಂದ ಶುರುವಾದ ಗೆರೆ ಹೊಟ್ಟೆಯ ಹತ್ತಿರ ದಪ್ಪಗಾಗಿ, ಬಾಲದ ಸುರುಳಿಗೆ ಬರುವಷ್ಟರಲ್ಲಿ ಕೂದಲೆಳೆಯಷ್ಟು ತೆಳುವಾಗಬೇಕು. ಅದೂ ಕೈ ಎತ್ತದೆ. ಕೈ ನಡುಗಿತೋ, ತೆರೆಯ ಮೇಲೆ ಹಂದಿಯೇ ನಡುಗುತ್ತದೆ. 1932ರಲ್ಲಿ 'ಫ್ಲವರ್ಸ್ ಅಂಡ್ ಟ್ರೀಸ್' ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಅರ್ಧ ಮಾಡಿ, ಅದನ್ನು ಬಿಸಾಕಿ, ಟೆಕ್ನಿಕಲರಿನ ಮೂರು ಬಣ್ಣದಲ್ಲಿ ಹೊಸದಾಗಿ ತೆಗೆದರು. ಆಗ ಬಣ್ಣ ಹಾಳೆಯಿಂದ ಹಕ್ಕಳೆಯೆದ್ದು ಉದುರುವುದಕ್ಕೆ ಶುರುವಾಗಿ, ಹಾಳೆಗೆ ಅಂಟುವ ಬಣ್ಣವನ್ನೇ ಹೊಸದಾಗಿ ಕಂಡುಹಿಡಿಯಬೇಕಾಯಿತು. ಚಿತ್ರಕ್ಕೆ ಆಸ್ಕರ್ ಬಂತು. ಕಾರ್ಟೂನಿಗೆಂದು ಕೊಟ್ಟ ಮೊದಲ ಆಸ್ಕರ್ ಅದೇ. ಕೈಗವಸಿನ ಹೆಣ್ಣುಮಕ್ಕಳ ಹೆಸರು ತೆರೆಯ ಮೇಲೆ ಬರಲಿಲ್ಲ.

ಸಂಗ್ರಹಕಾರನ ಎದೆ ಒಡೆಯುವ ಸಂಗತಿ ಮುಂದಿದೆ. ಇಷ್ಟೆಲ್ಲ ನಾಜೂಕಿನಿಂದ ಮಾಡಿದ ಹಾಳೆ ಕ್ಯಾಮೆರಾದ ಕೆಳಗೆ ಒಂದು ಕ್ಷಣ ಕೂತು ಎದ್ದ ಮೇಲೆ ಅದನ್ನು ತೊಳೆದುಬಿಡುತ್ತಿದ್ದರು. ಸೆಲ್ ಹಾಳೆಗೆ ಕಾಸು ಬೀಳುತ್ತಿತ್ತು, ಕಾಲವೋ ಮಹಾ ಆರ್ಥಿಕ ಕುಸಿತದ್ದು. ಶಾಲೆಯ ಸ್ಲೇಟಿನ ಹಾಗೆ ಒರೆಸಿ, ಅದರ ಮೇಲೆಯೇ ಮುಂದಿನ ಪಾಠ. ಗೀರು ಬಿದ್ದು ಇನ್ನು ಉಪಯೋಗಕ್ಕಿಲ್ಲ ಅನ್ನಿಸಿದ ಹಾಳೆಗಳನ್ನು ನೆಲಕ್ಕೆ ಹಾಸಿ ಕಲಾವಿದರೇ ಅವುಗಳ ಮೇಲೆ ಜಾರುಬಂಡಿ ಆಡುತ್ತಿದ್ದರು ಎಂಬ ಕಥೆಯೂ ಉಂಟು. ಆ ಮಾಲೆಯ ಹಾಳೆಗಳು ಈಗ ಸಿಗುವುದು ಅಪರೂಪವಾಗಿರುವುದಕ್ಕೆ ಕಳ್ಳರೂ ಕಾರಣರಲ್ಲ, ಯುದ್ಧವೂ ಕಾರಣವಲ್ಲ. ಶುಚಿತ್ವ ಕಾರಣ.

ಉಳಿದ ಕೆಲವಕ್ಕೆ ಮರ್ಯಾದೆ ಬಂದದ್ದು 1938ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಕೂರ್ವಾಸಿಯೇ ಗ್ಯಾಲರಿಯವರು ಡಿಸ್ನಿಯೊಡನೆ ಒಪ್ಪಂದ ಮಾಡಿಕೊಂಡು, 'ಸ್ನೋ ವೈಟ್' ಚಿತ್ರದ ಹಾಳೆಗಳಿಗೆ ಹಿನ್ನೆಲೆ ಕೂರಿಸಿ, ಚೌಕಟ್ಟಿಗೆ ಅಣಿಮಾಡಿ ಮಾರತೊಡಗಿದರು. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ ಅದೇ ಚಿತ್ರದ ಎರಡು ರಣಹದ್ದುಗಳನ್ನು ಒಳಕ್ಕೆ ಕರೆದುಕೊಂಡಿತು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗಲೂ ಅಲ್ಲಿನ ಅಂಗಡಿಯಲ್ಲಿ ಅಸಲಿ ಸೆಲ್‌ಗಳು ಒಂದೆರಡು ಡಾಲರಿಗೆ ಸಿಗುತ್ತಿದ್ದವು. ಆ ವರ್ಷ ನಮ್ಮ ತಾತ ಹಾಸನದಲ್ಲಿ ಒಂದು ಎಮ್ಮೆ ಕೊಂಡಿದ್ದರು. ಅವರು ಎಮ್ಮೆ ಬಿಟ್ಟು ಡಿಸ್ನಿಲ್ಯಾಂಡಿಗೆ ಹೋಗಿದ್ದರೆ ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ. 1989ರಲ್ಲಿ, 1934ರ 'ಆರ್ಫನ್ಸ್ ಬೆನಿಫಿಟ್' ಎಂಬ ಮಿಕ್ಕಿ ಚಿತ್ರದ ಒಂದೇ ಒಂದು ಕಪ್ಪುಬಿಳುಪಿನ ಹಾಳೆ ಕ್ರಿಸ್ಟೀಸ್ ಹರಾಜಿನಲ್ಲಿ 2,86,000 ಡಾಲರಿಗೆ ಹೋಯಿತು. ಎಮ್ಮೆ ಹಾಲು ಚೆನ್ನಾಗಿ ಕೊಡುತ್ತಿತ್ತಂತೆ, ಅದನ್ನು ಅಲ್ಲಗಳೆಯುವುದಿಲ್ಲ.

ಆ ಹರಾಜಿನ ಸುದ್ದಿಯಾದ ಕಾಲಕ್ಕೇ ಊರೂರಿನ ಮಾಲ್‌ಗಳಲ್ಲಿ ಕಾರ್ಟೂನ್ ಗ್ಯಾಲರಿಗಳು ಎದ್ದವು. ಅಸಲಿ ಹಾಳೆ ಇರುವುದು ಬೆರಳೆಣಿಕೆಯಷ್ಟು, ಬೇಕೆನ್ನುವವರು ಲಕ್ಷಾಂತರ. ಹಾಗಾದರೆ ಹೊಸದಾಗಿ ಮಾಡೋಣ ಎಂದರು. ಲಿಮಿಟೆಡ್ ಎಡಿಷನ್ನಿಗೆ ಕಾಲ ಬಂತು. ಹಳೆಯ ಚಿತ್ರದ ಒಂದು ಚಂದದ ಗಳಿಗೆಯನ್ನು ಆರಿಸಿ, ಅದೇ ಬಗೆಯ ಹಾಳೆಯ ಮೇಲೆ ಕೈಯಿಂದಲೇ ಬಣ್ಣ ಹಾಕಿಸಿ, 250ಕ್ಕೋ 500ಕ್ಕೋ ನಿಲ್ಲಿಸಿ ನಂಬರು ಬರೆಯುವುದು ಮೇಲ್ಜಾತಿ. ರೇಷ್ಮೆ ಪರದೆಯ ಅಚ್ಚಿನಲ್ಲಿ ಬಣ್ಣದ ಮೇಲೆ ಬಣ್ಣ ಒತ್ತಿ ಸಾವಿರಗಟ್ಟಲೆ ತೆಗೆಯುವುದು ಸೆರಿಸೆಲ್. ನನ್ನ ಹಂದಿಗಳು ಈ ಎರಡನೆಯ ಕುಲದವು. ಈ ಹಾಳೆಗಳು ಯಾವ ಕ್ಯಾಮೆರಾದ ಮುಖವನ್ನೂ ಕಂಡಿಲ್ಲ, ಯಾವ ಸಿನಿಮಾದಲ್ಲೂ ಇಲ್ಲ. ಆದರೂ ಅಸಲಿ. ನಕಲೇ, ಆದರೆ ಈ ನಕಲು ಅಸಲಿ ಎಂದು ಉಬ್ಬು ಮುದ್ರೆ ಹೇಳುತ್ತದೆ. ನಮ್ಮ ಊರಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ತೆಗೆಸಿ ಬೆಳೆದವನಿಗೆ ಇದರಲ್ಲಿ ತಕರಾರೆತ್ತಲು ಏನೂ ಕಾಣಲಿಲ್ಲ.

ಮಿತಿಯ ಮಿತಿ ಎಷ್ಟು ಎಂಬುದನ್ನು ಗ್ಯಾಲರಿಗೆ ಹೋಗಿಯೇ ಕಲಿಯಬೇಕು. ಅಲ್ಲಿನ ಮಾರಾಟಗಾರರು ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ ಮಾತಾಡುತ್ತಾರೆ. "ಇದರಲ್ಲಿ ಇನ್ನು ಎರಡೇ ಉಳಿದಿವೆ" ಅನ್ನುತ್ತಾರೆ. ಹೋದ ವರ್ಷವೂ ಎರಡೇ ಉಳಿದಿತ್ತು. 500 ಮುಗಿಯಿತು ಎಂದು ಇಟ್ಟುಕೊಳ್ಳಿ, ಆಗ ಆರ್ಟಿಸ್ಟ್ಸ್ ಪ್ರೂಫ್ ಎಂಬ ಇನ್ನೊಂದು ಕಟ್ಟು ಒಳಗಿಂದ ಬರುತ್ತದೆ. ಅದಕ್ಕೆ ಲೆಕ್ಕ ಬೇರೆ, ಬೆಲೆ ಜಾಸ್ತಿ. ಅದಾದ ಮೇಲೆ ಮುದ್ರಕರ ಪ್ರತಿ. ಕೊನೆಗೆ, ವ್ಯಾಪಾರಕ್ಕಲ್ಲ ಎಂದು ಬೇರೆ ತೆಗೆದಿಟ್ಟ ಪ್ರತಿಗಳು. ಕೇಳಿದರೆ ಅವೂ ವ್ಯಾಪಾರಕ್ಕೆ ಸಿಗುತ್ತವೆ. ಮದುವೆಮನೆಯಲ್ಲಿ ಕೊನೆಯ ಪಂಕ್ತಿ ಎಂದು ಕೂಗಿದ ಮೇಲೂ ಮೂರು ಪಂಕ್ತಿ ಏಳುವುದನ್ನು ನೋಡಿದವರು ಯಾರೂ ಇದಕ್ಕೆ ಕಂಗೆಡುವುದಿಲ್ಲ.

ನಂಬರಿನ ವಿಷಯ ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಹಳೆಯ ಅಸಲಿ ಹಾಳೆಯ ಮೂಲೆಯಲ್ಲೂ ಒಂದು ನಂಬರಿರುತ್ತದೆ, ಬರೆದವರ ಕೈಬರಹದಲ್ಲಿ. ಹಾಳೆಯ ಅಂಚಿನ ತೂತುಗಳನ್ನು ಮೊಳೆಗೆ ಸಿಕ್ಕಿಸಿ, ಆ ನಂಬರಿನ ಸರತಿಯಲ್ಲಿ ಒಂದೊಂದನ್ನೇ ಕ್ಯಾಮೆರಾದ ಕೆಳಗಿಡುತ್ತಿದ್ದರು. ಅಂದರೆ ಆ ನಂಬರು ಹಂದಿ ಕುಣಿತದ ಯಾವ ಗಳಿಗೆಯಲ್ಲಿದೆ ಎಂದು ಹೇಳುತ್ತದೆ. ಲಿಮಿಟೆಡ್ ಎಡಿಷನ್ನಿನ ನಂಬರು ಗಿರಾಕಿ ಸಾಲಿನ ಯಾವ ಜಾಗದಲ್ಲಿದ್ದಾನೆ ಎಂದು ಹೇಳುತ್ತದೆ. ಅಲ್ಲಿ ಎಣಿಸಿದ್ದು ತಾಳವನ್ನು, ಇಲ್ಲಿ ಎಣಿಸಿದ್ದು ನನ್ನನ್ನು. 2,317 ಎಂಬುದು ಹಂದಿಯ ನಂಬರಲ್ಲ, ನನ್ನದು. ಇದನ್ನು ಹೆಂಡತಿಗೆ ಹೇಳಿದೆ. ಅವಳು ಸಂತೋಷದಿಂದ ಒಪ್ಪಿಕೊಂಡಳು. ಅವಳು ನನ್ನ ಮಾತನ್ನು ಅಷ್ಟು ಬೇಗ ಒಪ್ಪುವುದು ವಿರಳ.

ಇದಕ್ಕಿಂತ ಸೋಜಿಗದ ಇನ್ನೊಂದಿದೆ. ಸಂಗೀತವೇ ನಾಯಕನಾದ ಚಿತ್ರದಿಂದ ನಾವು ಕೊಂಡು ತರುವ ಹಾಳೆಯಲ್ಲಿ ಸಂಗೀತವಿಲ್ಲ. ಕುಣಿತವೂ ಇಲ್ಲ. ಎರಡೂ ಇಲ್ಲದ್ದನ್ನೇ ಗಾಜು ಹಾಕಿಸಿ ತೂಗುಹಾಕುತ್ತೇವೆ. 1935ರ 'ಮ್ಯೂಸಿಕ್ ಲ್ಯಾಂಡ್' ಈ ಮಾಲೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಒಂದು ಕಡೆ ಸಿಂಫನಿಯ ರಾಜ್ಯ, ಇನ್ನೊಂದು ಕಡೆ ಜಾಜ್ ದ್ವೀಪ, ನಡುವೆ ಅಪಸ್ವರದ ಸಮುದ್ರ. ಆ ದಡದ ಪಿಟೀಲು ರಾಜಕುಮಾರಿಗೂ ಈ ದಡದ ಸ್ಯಾಕ್ಸೋಫೋನ್ ರಾಜಕುಮಾರನಿಗೂ ಪ್ರೇಮ. ಇಡೀ ಚಿತ್ರದಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ. ಅವನು ಬಾಯಿ ಬಿಟ್ಟರೆ ಸ್ಯಾಕ್ಸೋಫೋನ್, ಅವಳು ಬಾಯಿ ಬಿಟ್ಟರೆ ಪಿಟೀಲು. ಅವಳಮ್ಮ ಗದರಿದರೂ ಅದು ತಂತಿಯ ನಾದವೇ. ಹುಡುಗ ಸಿಕ್ಕಿಬಿದ್ದು ಸೆರೆಯಾಗುತ್ತಾನೆ, ಎರಡು ರಾಜ್ಯಕ್ಕೂ ಯುದ್ಧ ಹತ್ತುತ್ತದೆ. ಆರ್ಗನ್ನಿನ ಕೊಳವೆಗಳು ಫಿರಂಗಿಗಳಾಗಿ ವಾಗ್ನರ್‌ನ ಸಂಗೀತವನ್ನು ಹಾರಿಸಿದರೆ, ಆ ಕಡೆಯಿಂದ ಕಹಳೆಗಳು ಜಾಜ್ ಹಾರಿಸುತ್ತವೆ. ಕೊನೆಗೆ ಎರಡು ದಡಕ್ಕೂ ಸ್ವರಮೇಳದ ಸೇತುವೆ. ನಮ್ಮಲ್ಲಿ ಶಾಸ್ತ್ರೀಯದವರಿಗೂ ಸಿನಿಮಾ ಸಂಗೀತದವರಿಗೂ ನಡೆಯುವ ವಾಗ್ವಾದ ಇಷ್ಟು ಸುಖವಾಗಿ ಮುಗಿದದ್ದನ್ನು ನಾನು ನೋಡಿಲ್ಲ.

ಆ ರಾಜಕುಮಾರನ ಹಾಳೆ ಬೇಕೆಂದು ಹುಡುಕುತ್ತಲೇ ಇದ್ದೇನೆ. ಸಿಕ್ಕಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿದೆ: ಮಾತಿನ ಬದಲು ನಾದವನ್ನಷ್ಟೇ ಬಲ್ಲ ಒಬ್ಬ ಪ್ರೇಮಿ ನಮ್ಮ ಮನೆಯ ಗೋಡೆಯ ಮೇಲೆ ಬಾಯಿ ತೆರೆದುಕೊಂಡು, ನಾದವೂ ಇಲ್ಲದೆ, ನಿಂತಿರುತ್ತಾನೆ. ಹಾಗಾದರೆ ಯಾಕೆ ಬೇಕು? ಸಿನಿಮಾದಲ್ಲಿ ಅವನು ಆ ಭಂಗಿಯಲ್ಲಿ ಇರುವುದು ಸೆಕೆಂಡಿನ ಹನ್ನೆರಡನೆಯ ಒಂದು ಭಾಗ ಮಾತ್ರ. ಯಾರೋ ಒಬ್ಬಳು ಕೂತು ಗೆರೆ ಎಳೆದದ್ದನ್ನು ಕಣ್ಣು ಹಿಡಿಯುವ ಮೊದಲೇ ಹಾಡು ಎಳೆದುಕೊಂಡು ಹೋಗಿಬಿಡುತ್ತದೆ. ಗೋಡೆಯ ಮೇಲಾದರೆ ಹಾಡಿನ ಕಾಟವಿಲ್ಲ, ಗೆರೆ ನೋಡಬಹುದು. ಈ ವಾದ ನನಗೆ ಬಹಳ ಹಿಡಿಸಿತು. ಮುಂದಿನ ಹಾಳೆಯನ್ನು ಕೊಳ್ಳುವಾಗ ಇದನ್ನೇ ಉಪಯೋಗಿಸಿದೆ.

ಹಾಳೆ ಕೊಂಡರೆ ಮುಗಿಯಲಿಲ್ಲ, ಅದರ ಬಾಣಂತನ ಬೇರೆ. ಬಿಸಿಲು ಬೀಳಬಾರದು, ಬಣ್ಣ ಮಾಸುತ್ತದೆ. ಸೆಕೆಯಾಗಬಾರದು, ಹಾಳೆ ಸುಕ್ಕಾಗುತ್ತದೆ. ಗಾಳಿ ತೀರಾ ಒಣಗಬಾರದು, ಬಣ್ಣ ಬಿರುಕು ಬಿಟ್ಟು ಉದುರುತ್ತದೆ. ಮೂವತ್ತರ ದಶಕದ ಹಾಳೆಗಳು ನೈಟ್ರೇಟಿನವು. ಹಳದಿಯಾಗಿ ಮುದುರಿಕೊಳ್ಳುತ್ತವೆ, ಬೆಂಕಿಯೆಂದರೆ ಧಗ್ಗೆನ್ನುತ್ತವೆ. ಆಮೇಲೆ ಬಂದ ಅಸಿಟೇಟ್ ಹಾಳೆ ಕೆಟ್ಟರೆ ವಿನಿಗರ್ ವಾಸನೆ ಬರುತ್ತದೆ. ನಾನು ಆಗಾಗ ಹಂದಿಗಳ ಹತ್ತಿರ ಹೋಗಿ ಮೂಸಿ ನೋಡುತ್ತಿರುತ್ತೇನೆ. ಮನೆಗೆ ಬಂದವರು ಇದನ್ನು ಕಂಡರೆ ಹೆಂಡತಿ "ಕಾಫಿ ತಗೊಳ್ಳಿ" ಎಂದು ಅವರನ್ನು ಅಡುಗೆಮನೆಯ ಕಡೆ ಕರೆದುಕೊಂಡು ಹೋಗುತ್ತಾಳೆ. ಫ್ರೇಮ್ ಹಾಕುವವನು ಆಮ್ಲವಿಲ್ಲದ ರಟ್ಟು, ಅತಿನೇರಳೆ ಕಿರಣ ತಡೆಯುವ ಗಾಜು, ಹಾಳೆ ಗಾಜಿಗೆ ತಾಗದಂತೆ ನಡುವೆ ಪಟ್ಟಿ ಎಂದು ಒಂದೊಂದೇ ಸೇರಿಸಿ ಕೊಟ್ಟ ಬಿಲ್ಲು ಹಂದಿಗಿಂತ ಜಾಸ್ತಿಯಾಗಿತ್ತು. ಈಗ ಮಾರಲು ಹೋದರೆ ಯಾರಾದರೂ ಫ್ರೇಮಿಗಾಗಿ ಹಂದಿಯನ್ನೂ ತೆಗೆದುಕೊಂಡಾರು. ಸೆರಿಸೆಲ್‌ಗೆ ಮರುಮಾರಾಟದಲ್ಲಿ ಅಂಥ ಬೆಲೆಯೇನಿಲ್ಲ. "ಆ ದುಡ್ಡಿಗೆ ಚಿನ್ನ ತಗೊಂಡಿದ್ರೆ" ಎಂಬ ವಾಕ್ಯವನ್ನು ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಮಾಡುವುದಿಲ್ಲ, ಮಾಡುವ ಅಗತ್ಯವೂ ಬಿದ್ದಿಲ್ಲ.

ಹೋದ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಬಂದಳು. ಅಷ್ಟರಲ್ಲಿ ಹಂದಿಗಳ ಜತೆಗೆ ಸ್ಕೆಲಿಟನ್ ಡ್ಯಾನ್ಸಿನ ಹಾಳೆಯೂ ಸೇರಿತ್ತು. ಕೈಯಲ್ಲಿ ಬಣ್ಣ ಹಾಕಿದ್ದು, ಬರೀ ಕಪ್ಪು, ಬಿಳುಪು, ಬೂದಿ. ಬಂದ ಮರುದಿನ ಬೆಳಗ್ಗೆ ಅಮ್ಮ ಸ್ನಾನ ಮಾಡಿ ಹಣೆಗಿಟ್ಟುಕೊಂಡು ಹೊರಗೆ ಬಂದವಳು ಗೋಡೆ ನೋಡಿ ನಿಂತುಬಿಟ್ಟಳು.

"ಏನೋ ಇದು, ಮನೇಲಿ ಹೆಣದ ಮೂಳೆ ತೂಗುಹಾಕಿದೀಯ?"

"ಕುಣೀತಿದಾವೆ ನೋಡಮ್ಮ."

"ಕುಣೀಲಿ. ಅದೂ ತೆಂಕಲ ಗೋಡೆಗೆ! ಯಮನ ದಿಕ್ಕು ಕಣೋ."

"ಆ ಗೋಡೆಗೆ ಬಿಸಿಲು ಬೀಳಲ್ಲಮ್ಮ, ಅದಕ್ಕೆ."

"ಯಮನಿಗೆ ಬಿಸಿಲು ಬೇರೆ ಬೇಕಾ?" ಅಂದಳು. ಆಮೇಲೆ ಊಟದ ಕೋಣೆಗೆ ಹೋದಳು, ಅಲ್ಲಿ ಹಂದಿಗಳಿದ್ದವು. ಈರುಳ್ಳಿಯನ್ನೂ ಏಕಾದಶಿ ನೋಡಿ ತಿನ್ನುವವಳು ಹಂದಿಗಳನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದಳು. ನಾನೇ ಬಾಯಿ ಹಾಕಿ, ವರಾಹಸ್ವಾಮಿ ಅಂದುಕೊಂಡರಾಯಿತಲ್ಲ ಎಂದೆ.

"ವರಾಹಸ್ವಾಮಿ ಒಬ್ಬನೇ. ಇವು ಮೂರಿವೆ. ಕೊಳಲು, ಪಿಟೀಲು ಬೇರೆ ಹಿಡ್ಕೊಂಡಿದಾವೆ" ಎಂದಳು. ಆದರೂ ಅಂದಿನಿಂದ ಅವುಗಳಿಗೆ ಎದುರಾಗಿ ಕೂರದೆ, ಬೆನ್ನು ಹಾಕಿ ಊಟಕ್ಕೆ ಕೂರುವ ಒಂದು ಏರ್ಪಾಡು ತಾನಾಗಿಯೇ ಜಾರಿಗೆ ಬಂತು.

ಅಮ್ಮನನ್ನು ಊರು ತೋರಿಸಲು ಕರೆದುಕೊಂಡು ಹೋದಾಗ ಸಿಲ್ವರ್ ಲೇಕಿನ ಹೈಪೀರಿಯನ್ ಅವೆನ್ಯೂಗೂ ಹೋದೆವು. ಅಲ್ಲಿ 2719ನೆಯ ನಂಬರಿನಲ್ಲಿ ಡಿಸ್ನಿಯ ಹಳೆಯ ಸ್ಟುಡಿಯೋ ಇತ್ತು. ಅಸ್ಥಿಪಂಜರ ಕುಣಿದದ್ದು, ಹಂದಿ ಹಾಡಿದ್ದು, ಹೆಣ್ಣುಮಕ್ಕಳು ಗೆರೆ ಎಳೆದದ್ದು ಎಲ್ಲ ಅಲ್ಲೇ. ಸ್ಟುಡಿಯೋ ಬರ್ಬ್ಯಾಂಕಿಗೆ ಹೋಗಿ ಎಷ್ಟೋ ಕಾಲವಾಯಿತು. ಈಗ ಆ ಜಾಗದಲ್ಲಿರುವುದು ಸೂಪರ್ ಮಾರ್ಕೆಟ್. ನಾನು ಒಳಗೆ ಹೋಗಿ, ಇಂಕ್ ಅಂಡ್ ಪೇಂಟ್ ಎಲ್ಲಿದ್ದಿರಬಹುದು ಎಂದು ಅಂದಾಜು ಮಾಡುತ್ತ ತರಕಾರಿಯ ಸಾಲಿನಲ್ಲಿ ನಿಂತೆ. ಕೊತ್ತಂಬರಿ ಸೊಪ್ಪಿನ ಮೇಲೆ ಸಣ್ಣಗೆ ನೀರು ಚಿಮ್ಮುತ್ತಿತ್ತು. ಅಮ್ಮ ಒಂದು ಕಟ್ಟು ಎತ್ತಿ ಬೆಲೆ ನೋಡಿ, ರೂಪಾಯಿಗೆ ಗುಣಿಸಿ, ವಾಪಸ್ ಇಟ್ಟಳು.

"ಇದೇನಾ ನೀನು ತೋರಿಸ್ತೀನಿ ಅಂದ ಜಾಗ?"

"ಇದೇ ಅಮ್ಮ. ಇಲ್ಲೇ ಆ ಹಂದಿಗಳನ್ನ ಬರೆದದ್ದು."

ಅಮ್ಮ ಸುತ್ತ ನೋಡಿದಳು. ಪಕ್ಕದ ಸಾಲಿನ ಕೊನೆಯಲ್ಲಿ ಮಾಂಸದ ವಿಭಾಗ ಕಾಣುತ್ತಿತ್ತು. ಅವಳು ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಹಿಂದಿರುಗಿದ ಸಂಜೆ ಅವಳೇ ಕೇಳಿದಳು. "ಇವೆಲ್ಲ ಹಾಡ್ತಾವೆ, ಕುಣೀತಾವೆ ಅಂತೀಯ. ನಾನು ಬಂದಾಗಿಂದ ನೋಡ್ತಿದೀನಿ, ಅಲ್ಲಾಡಿಲ್ಲ. ಒಂದು ಸಲ ಹಾಡ್ಸು ನೋಡೋಣ."

ಟಿವಿಯಲ್ಲಿ ಮೊದಲು ಅಸ್ಥಿಪಂಜರಗಳನ್ನು ಹಾಕಿದೆ. ಅಮ್ಮ ಚಿಕ್ಕಂದಿನಲ್ಲಿ ವರ್ಣದವರೆಗೆ ಸಂಗೀತ ಕಲಿತವಳು. ಮೊದಮೊದಲು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಬೆನ್ನುಮೂಳೆಯ ಕ್ಸೈಲೋಫೋನು ಶುರುವಾಗುವ ಹೊತ್ತಿಗೆ ಅವಳ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. "ಲೆಕ್ಕ ತಪ್ಪಲ್ವಲ್ಲೋ ಮುಂಡೇವು" ಎಂದಳು. ತೊಂಬತ್ತು ವರ್ಷ ದಾಟಿದ ಆ ಚಿತ್ರಕ್ಕೆ ನಾನು ಓದಿದ ವಿಮರ್ಶೆಗಳಲ್ಲೆಲ್ಲ ಇಷ್ಟು ನೇರವಾದದ್ದು ಇನ್ನೊಂದಿಲ್ಲ.

ಆಮೇಲೆ ಹಂದಿಗಳು. 1933ರ ಮೇ ತಿಂಗಳಲ್ಲಿ ಬಂದ ಈ ಚಿತ್ರಕ್ಕೆ ಫ್ರಾಂಕ್ ಚರ್ಚಿಲ್ ಹಾಕಿದ ರಾಗ, ಕೆಲಸವಿಲ್ಲದೆ ಕೂತಿದ್ದ ಅಮೆರಿಕದ ಬಾಯಿಬಾಯಲ್ಲೂ ಓಡಾಡಿತು. ಹಂದಿಗಳ ಬೆನ್ನುಹತ್ತುವ ತೋಳ ಎಂದರೆ ಆಗಿನ ಬಡತನವೇ ಎಂದು ಜನ ಅರ್ಥ ಮಾಡಿಕೊಂಡರು. ಅಮ್ಮ ಅಷ್ಟು ದೂರ ಹೋಗಲಿಲ್ಲ. ತೋಳ ಹುಲ್ಲಿನ ಮನೆ ಊದಿ ಹಾರಿಸಿದಾಗ, "ಪಾಪ, ಉಬ್ಬಸದವನ ಥರ ಎಳೀತಾನೆ" ಎಂದು ಅವನ ಕಡೆಗೇ ಮರುಗಿದಳು. ಇಬ್ಬರು ಸೋಮಾರಿ ತಮ್ಮಂದಿರು ಓಡಿ ಬಂದು ಇಟ್ಟಿಗೆ ಮನೆ ಸೇರಿದರು. ಬುದ್ಧಿವಂತ ಅಣ್ಣ ಇಟ್ಟಿಗೆಯದೇ ಪಿಯಾನೋ ಮುಂದೆ ಕೂತು ಬಾರಿಸತೊಡಗಿದ. ಅವನ ಹಿಂದಿನ ಗೋಡೆಯ ಮೇಲೆ ಫ್ರೇಮ್ ಹಾಕಿದ ಚಿತ್ರಗಳು.

"ನಿಲ್ಸು, ನಿಲ್ಸು" ಎಂದಳು ಅಮ್ಮ.

ನಿಲ್ಲಿಸಿದೆ. ಮೂರೂ ಹಂದಿಗಳು ಬಾಯಿ ತೆರೆದ ಹಾಗೇ ನಿಂತವು. ಸರ್ಟಿಫಿಕೇಟಿಲ್ಲ, ನಂಬರಿಲ್ಲ, ಬಿಲ್ಲೂ ಇಲ್ಲ.

"ಅದೇನದು ಗೋಡೆ ಮೇಲೆ?"

ಒಂದು ಚಿತ್ರದ ಕೆಳಗೆ ಅಮ್ಮ ಎಂದು ಬರೆದಿದೆ. ಹಂದಿ ತಾಯಿ ಮಲಗಿಕೊಂಡು ಸಾಲು ಮರಿಗಳಿಗೆ ಹಾಲೂಡುತ್ತಿದ್ದಾಳೆ. ಇನ್ನೊಂದರ ಕೆಳಗೆ ಅಪ್ಪ ಎಂದಿದೆ. ಆ ಚೌಕಟ್ಟಿನಲ್ಲಿರುವುದು ಗಂಟು ಗಂಟಾಗಿ ಕಟ್ಟಿದ ಸಾಸೇಜಿನ ಸರ. ನಾನು ರಿಮೋಟಿನ ಗುಂಡಿ ಹುಡುಕುವ ನೆಪ ಮಾಡಿದೆ. ಅಷ್ಟರಲ್ಲಿ ಮಗಳು ಅಜ್ಜಿಯ ಪಕ್ಕಕ್ಕೆ ಸರಿದು, ತನಗೆ ಬಂದಷ್ಟು ಕನ್ನಡದಲ್ಲಿ, ಸಾಸೇಜ್ ಎಂದರೇನು, ಅದನ್ನು ಯಾರಿಂದ ಮಾಡುತ್ತಾರೆ, ಆದ್ದರಿಂದ ಇವರಪ್ಪ ಈಗ ಎಲ್ಲಿದ್ದಾನೆ ಎಂಬುದನ್ನೆಲ್ಲ ಬಿಡಿಸಿ ಹೇಳಿದಳು.

ಅಮ್ಮ ತೆರೆಯನ್ನೇ ನೋಡುತ್ತಿದ್ದಳು. "ಅಪ್ಪ ಹೋಗಿದಾನೆ ಅಂದ್ಮೇಲೆ ಫೋಟೋಗೊಂದು ಹಾರ ಹಾಕ್ಬೇಕೋ ಬೇಡ್ವೋ? ದೊಡ್ಡವನಾಗಿ, ಮನೆ ಕಟ್ಟೋ ಬುದ್ಧಿ ಇದೆ, ಇಷ್ಟು ತಿಳೀಲಿಲ್ವಲ್ಲ."

"ಅಜ್ಜಿ, ಅಪ್ಪಾನೇ ಹಾರ ಆಗ್ಬಿಟ್ಟಿದಾನಲ್ಲ" ಎಂದಳು ಮಗಳು.

"ರಾಮ ರಾಮ! ಮುಂದಕ್ಕೆ ಬಿಡೋ, ಆ ತೋಳ ಏನಾದ ನೋಡೋಣ."